ಎಡದ ಗ್ರಿಪ್ ಬೇರೆ, ಬಲದ ಗ್ರಿಪ್ ಬೇರೆ

ಬೈಕಿನ ಹ್ಯಾಂಡಲ್ ಗ್ರಿಪ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಮಳೆ, ಉಪ್ಪುಗಾಳಿ, ಬೆವರಿನ ಈ ಕರಾವಳಿಯಲ್ಲಿ ಅದನ್ನು ಯಾವಾಗ ಮಾಡಬೇಕು, ಹೇಗೆ ಮಾಡಬೇಕು?

ಬೆಳಗ್ಗೆ ಎಂಟೂವರೆಯ ಹೊತ್ತಿಗೆ ಅಂಬಲಪಾಡಿ ಜಂಕ್ಷನ್ನಿನಲ್ಲಿ ಉಡುಪಿಯ ಅರ್ಧ ಊರು ಎರಡು ಚಕ್ರದ ಮೇಲೆ ದಾಟಿಹೋಗುತ್ತದೆ. ಕಿದಿಯೂರು, ಕಡೆಕಾರು ಕಡೆಯಿಂದ ಪೇಟೆಯ ಅಂಗಡಿ, ಬ್ಯಾಂಕುಗಳಿಗೆ ಹೊರಟವರು. ಕಾಪು, ಕಟಪಾಡಿಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಂದು ಮಣಿಪಾಲಕ್ಕೆ ಹೋಗುವ ವಿದ್ಯಾರ್ಥಿಗಳು, ನರ್ಸುಗಳು. ಮಲ್ಪೆಯಿಂದ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಒಳನಾಡಿಗೆ ಹೊರಟ ವ್ಯಾಪಾರಿಗಳು. ಕೆಎ-20 ಎಂದು ಶುರುವಾಗುವ ಈ ನಂಬರ್ ಪ್ಲೇಟುಗಳ ಮೆರವಣಿಗೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೆಲ್ಮೆಟ್ಟು, ಟ್ಯಾಂಕಿನ ಬಣ್ಣ, ಕಿವಿಗೆ ಬೀಳುವುದು ಸೈಲೆನ್ಸರಿನ ಸದ್ದು. ಒಂದು ದಿನ ಅವೆಲ್ಲ ಬಿಟ್ಟು ಹ್ಯಾಂಡಲ್ ಹಿಡಿದ ಕೈಗಳನ್ನಷ್ಟೇ ನೋಡಿ. ಒಬ್ಬರದ್ದು ಗೆರೆಯೆಲ್ಲ ಸವೆದು ನುಣ್ಣಗಾದ ಗ್ರಿಪ್. ಇನ್ನೊಬ್ಬರ ಗಾಡಿ ಯಾವಾಗಲೋ ಬಿದ್ದು ಗ್ರಿಪ್ಪಿನ ತುದಿ ಹರಿದಿದೆ, ಒಳಗಿನ ಕಬ್ಬಿಣದ ಪೈಪು ತುಕ್ಕು ಹಿಡಿದು ಹೊರಗೆ ಕಾಣುತ್ತದೆ. ಮತ್ತೊಬ್ಬರು ಹಳೆಯದರ ಮೇಲೆಯೇ ಸ್ಪಂಜಿನ ಕವರು ಏರಿಸಿ, ವಿಷಯ ಮುಗಿಯಿತು ಎಂದುಕೊಂಡಿದ್ದಾರೆ.

ಗ್ಯಾರೇಜಿನಲ್ಲಿ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಕೇಳುವುದುಂಟು: “ಗ್ರಿಪ್ ಹೋಗಿದೆ ಮಾರಾಯ್ರೆ, ಹೊಸತು ಹಾಕುವನಾ?” ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಈಗ ಬೇಡ, ಇನ್ನೊಮ್ಮೆ ನೋಡುವ.” ಆಯಿಲ್ ಬದಲಿಸಲು, ಚೈನ್ ಬಿಗಿ ಮಾಡಿಸಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಗ್ರಿಪ್ಪಿನ ಸರದಿ ಬಂದಾಗ ಮಾತ್ರ ಅದು ಚಂದಕ್ಕೆ ಮಾಡಿಸುವ ಕೆಲಸಗಳ ಪಟ್ಟಿಗೆ ಸೇರಿಬಿಡುತ್ತದೆ.

ಹೀಗಾಗಲು ಅಂಗಡಿಯವರು ಅದನ್ನು ಮಾರುವ ರೀತಿಯೂ ಸ್ವಲ್ಪ ಕಾರಣ. ಒಂದೇ ಪ್ಯಾಕೆಟ್ಟು, ಒಂದೇ ಬಣ್ಣ, ಒಂದೇ ಡಿಸೈನಿನ ಎರಡು ತುಂಡು. ಕಾಲಿನ ಚಪ್ಪಲಿಯಂತೆ ಜೋಡಿ. ನಿಜದಲ್ಲಿ ಇವೆರಡರ ಕೆಲಸ ಒಂದಲ್ಲ. ಎಡದ್ದು ಹಿಡಿದುಕೊಳ್ಳಲಿಕ್ಕೆ. ಬಲದ್ದು ಇಂಜಿನಿಗೆ ಅಪ್ಪಣೆ ಕೊಡಲಿಕ್ಕೆ. ಎಡದ ಗ್ರಿಪ್ ಬದಲಿಸಿದರೆ ಒಂದು ರಬ್ಬರು ಬದಲಾಯಿತು, ಅಷ್ಟೇ. ಬಲದ ಗ್ರಿಪ್ಪಿಗೆ ಕೈಹಾಕಿದರೆ ಎಕ್ಸಿಲೇಟರಿಗೇ ಕೈಹಾಕಿದ ಹಾಗೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದ್ದೆಲ್ಲ ಸಲೀಸು.

ಮಳೆ, ಉಪ್ಪು, ತೆಂಗಿನೆಣ್ಣೆ

ಬಯಲುಸೀಮೆಯಲ್ಲಿ ಗ್ರಿಪ್ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ನಮ್ಮಲ್ಲಿ ಬಿಸಿಲಿನ ಜೊತೆ ಇನ್ನೂ ಕೆಲವು ಉಪದ್ರಗಳಿವೆ.

ಮೊದಲನೆಯದು ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಗ್ರಿಪ್ಪಿನ ಮೇಲಿನ ಗೆರೆ, ಚುಕ್ಕಿ, ಉಬ್ಬುಗಳು ಇರುವುದು ಅಂಗೈಗೂ ರಬ್ಬರಿಗೂ ನಡುವೆ ಸಿಕ್ಕಿಕೊಂಡ ನೀರು ಹೊರಗೆ ಹೋಗಲಿಕ್ಕೆ. ಅವು ಸವೆದ ಮೇಲೆ ನೀರಿಗೆ ದಾರಿಯಿಲ್ಲ. ಕೈ ತೆಳ್ಳಗಿನ ನೀರಿನ ಪೊರೆಯ ಮೇಲೆ ಕೂತಿರುತ್ತದೆ. ಜಾರದಂತೆ ನಾವು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದ ಕೈ ಬೇಗ ಸೋಲುತ್ತದೆ, ಬ್ರೇಕಿನ ಕಡೆಗೆ ಬೆರಳು ಚಾಚಲು ತಡವಾಗುತ್ತದೆ.

ಇದರ ಪರೀಕ್ಷೆ ನಡೆಯಬೇಕಾದರೆ ಆಗುಂಬೆ ಘಾಟಿ ಇಳಿಯಬೇಕು. ಮಲ್ಪೆಯಿಂದ ಉಡುಪಿ, ಮಣಿಪಾಲ, ಹೆಬ್ರಿ ದಾಟಿ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿ 169ಎಯಲ್ಲಿ ಘಟ್ಟದ ಮೇಲಿಂದ ಸೋಮೇಶ್ವರದ ಕಡೆ ಇಳಿಯುವಾಗ 14 ಹಿಮ್ಮುರಿ ತಿರುವುಗಳು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ದೇಹದ ಭಾರವೆಲ್ಲ ಮುಂದೆ ಸರಿದು ಎರಡು ಅಂಗೈಗಳ ಮೇಲೆ ಬೀಳುತ್ತದೆ. ಹಿಂದೆ ಒಬ್ಬರು ಕೂತಿದ್ದರೆ ಅವರ ಭಾರವೂ ಸೇರುತ್ತದೆ. ಗ್ರಿಪ್ ಪೈಪಿನ ಮೇಲೆ ಗಟ್ಟಿಯಾಗಿ ಕೂತಿಲ್ಲ ಎಂಬುದು ಪೇಟೆಯ ಸಮತಟ್ಟು ರಸ್ತೆಯಲ್ಲಿ ವರ್ಷಗಟ್ಟಲೆ ಗೊತ್ತಾಗದೆ, ಇಂಥ ತಿರುವಿನಲ್ಲಿ ಒಮ್ಮೆಲೇ ಗೊತ್ತಾಗಬಹುದು.

ಎರಡನೆಯದು ಉಪ್ಪು. ಅಂಬಲಪಾಡಿಗೆ ಕಡಲು ಕೆಲವೇ ಕಿಲೋಮೀಟರ್ ದೂರ. ಹರಿದ ತುದಿಯಿಂದ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ; ಗ್ರಿಪ್ಪಿನ ಅಡಿಯಲ್ಲಿಯೇ ಉಳಿದು ಹ್ಯಾಂಡಲನ್ನು ತಿನ್ನುತ್ತದೆ. ಪೈಪಿನ ಮೇಲೆ ತುಕ್ಕು ಹಕ್ಕಳೆ ಎದ್ದಿತೆಂದರೆ ಗ್ರಿಪ್ ಹಿಡಿದಿರುವುದು ಕಬ್ಬಿಣವನ್ನಲ್ಲ, ಉದುರಲು ತಯಾರಾದ ತುಕ್ಕನ್ನು. ಎಡಗೈಯ ಗ್ರಿಪ್ ಸುಮ್ಮನೆ ಗರಗರ ತಿರುಗಲು ಸಾಮಾನ್ಯ ಕಾರಣ ಇದೇ.

ಮೂರನೆಯದು ನಮ್ಮದೇ ಕೈ. ಬೆವರಿನ ಜೊತೆ ಬರುವ ಚರ್ಮದ ಎಣ್ಣೆ, ತಲೆಗೆ ಹಚ್ಚಿ ಒರೆಸಿಕೊಳ್ಳದ ತೆಂಗಿನೆಣ್ಣೆ, ಮೀನಿನ ವ್ಯಾಪಾರಿಯ ಕೈಯ ಮೀನೆಣ್ಣೆ, ಗ್ಯಾರೇಜಿನವರ ಕೈಯ ಗ್ರೀಸು. ನೈಸರ್ಗಿಕ ರಬ್ಬರಿಗೆ ಎಣ್ಣೆ ಆಗದು. ಅದನ್ನು ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಜಾತಿಯ ಗ್ರಿಪ್ಪುಗಳ ಕತೆ ಬೇರೆ: ಅವನ್ನು ಮೆದುವಾಗಿಡಲು ಬೆರೆಸಿದ ದ್ರವ ಕಾಲಕ್ರಮದಲ್ಲಿ ಮೇಲಕ್ಕೆ ಜಿನುಗಿ ಗ್ರಿಪ್ ಅಂಟಂಟಾಗುತ್ತದೆ. ಬಿಳಿ ಅಂಗಿಯ ತೋಳಿಗೆ ಕಪ್ಪು ಮೆತ್ತಿಕೊಳ್ಳಲು ಶುರುವಾದರೆ ಅದನ್ನು ತೊಳೆದು ಪ್ರಯೋಜನವಿಲ್ಲ, ತೆಗೆದು ಬಿಸಾಡಬೇಕು.

ಘಟ್ಟದ ಬುಡದ ರಬ್ಬರು

ಈ ರಬ್ಬರಿನ ಮೂಲ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಾರ್ಕಳ ದಾಟಿ ಬೆಳ್ತಂಗಡಿ, ಪುತ್ತೂರು, ಸುಳ್ಯದ ಕಡೆ ಹೋದರೆ ಗುಡ್ಡಗಳ ಮೈತುಂಬ ರಬ್ಬರು ತೋಟ. ಸುಳ್ಯ, ಪುತ್ತೂರು ಭಾಗದ ತೋಟಗಳಿಗೆ ಒಂದು ಅಂತಾರಾಷ್ಟ್ರೀಯ ಒಪ್ಪಂದದ ಹಿನ್ನೆಲೆಯೂ ಇದೆ. 1964ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಶ್ರೀಲಂಕಾದ ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಭಾರತಕ್ಕೆ ಮರಳಿದ ತಮಿಳು ಕುಟುಂಬಗಳಲ್ಲಿ ಕೆಲವಕ್ಕೆ ಇಲ್ಲಿ ನೆಲೆ ಸಿಕ್ಕಿತು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಬೆಳಗಿನ ಜಾವ ಮರಕ್ಕೆ ಗೀರು ಹಾಕಿ ಹಾಲು ಇಳಿಸುವ ಕೈಗಳು ಬಹುಕಾಲ ಅವರದ್ದೇ ಆಗಿದ್ದವು.

ಮರದ ಹಾಲು ಹಾಗೆಯೇ ಗ್ರಿಪ್ ಆಗುವುದಿಲ್ಲ. ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಶಿನಿನಲ್ಲಿ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿದ ಶೀಟು ಕೂಡ ಬಿಸಿಲಿಗೆ ಮೆದುವಾಗುವ, ಚಳಿಗೆ ಗಡುಸಾಗುವ ವಸ್ತುವೇ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಕೊಂಡಿ ಬಿದ್ದು ಅದು ಎಳೆದರೂ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಟಯರಿನಿಂದ ಗ್ರಿಪ್ಪಿನವರೆಗೆ ಗಾಡಿಯ ಮೇಲಿರುವ ರಬ್ಬರಿಗೆಲ್ಲ ಇದೇ ತಳಹದಿ. ಇದಕ್ಕೆ ಕಾಡಿಗೆಯಂಥ ಇಂಗಾಲದ ಪುಡಿ ಬೆರೆಸಿದಾಗ ಬಲ ಹೆಚ್ಚುತ್ತದೆ. ಬಿಸಿಲಿನ ನೇರಳಾತೀತ ಕಿರಣವನ್ನು ಆ ಪುಡಿಯೇ ನುಂಗಿಕೊಂಡು ಒಳಗಿನ ರಬ್ಬರನ್ನು ಕಾಯುತ್ತದೆ. ಕಪ್ಪು ಗ್ರಿಪ್ ಬಾಳಿಕೆ ಬರುವುದು, ಮಣಿಪಾಲದ ಹುಡುಗರು ಆಸೆಪಟ್ಟು ಹಾಕಿಸುವ ಕೆಂಪು, ನೀಲಿ, ಹಸಿರು ಗ್ರಿಪ್ಪುಗಳು ಬೇಗ ಬಣ್ಣಗೆಡುವುದು ಇದರಿಂದಾಗಿ. ಬಣ್ಣದ್ದೇ ಬೇಕೆಂದರೆ ತಪ್ಪಿಲ್ಲ, ಬೇಗ ಬದಲಿಸುವ ಲೆಕ್ಕ ಇಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಒಳ್ಳೆಯದನ್ನು ಗುರುತಿಸಲು ಹೆಬ್ಬೆರಳ ಉಗುರು ಸಾಕು. ಒತ್ತಿ ಬಿಟ್ಟರೆ ಗುರುತು ಉಳಿಯದೆ ಮೇಲೆ ಬರಬೇಕು. ಕನ್ನಡಿಯಂತೆ ಹೊಳೆಯುವ, ಮೂಗಿಗೆ ಹೊಡೆಯುವ ಪ್ಲಾಸ್ಟಿಕ್ ವಾಸನೆಯದ್ದನ್ನು ಅಲ್ಲಿಯೇ ಬಿಡುವುದು ಲೇಸು. ಗಾಡಿ ಕಂಪೆನಿಯ ಅಸಲಿ ಗ್ರಿಪ್ಪಿಗೂ ಸಾಮಾನ್ಯ ಬೈಕುಗಳ ಮಟ್ಟಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ ಮಾತ್ರ.

ಪೈಪಿನ ಮೇಲೊಂದು ಪೈಪು

ನಮ್ಮಲ್ಲಿ ಓಡುವ ಬಹುತೇಕ ಬೈಕು, ಸ್ಕೂಟರುಗಳ ಹ್ಯಾಂಡಲಿನ ದಪ್ಪ ತುದಿಯಲ್ಲಿ 22 ಮಿ.ಮೀ. ಎಡದ ಗ್ರಿಪ್ ನೇರವಾಗಿ ಈ ಪೈಪಿನ ಮೇಲೆಯೇ ಕೂರುತ್ತದೆ. ಬಲಗಡೆ ಹಾಗಿಲ್ಲ. ಹ್ಯಾಂಡಲಿನ ಮೇಲೆ ಒಂದು ಪ್ಲಾಸ್ಟಿಕ್ ನಳಿಗೆ, ಅಂದರೆ ಎಕ್ಸಿಲೇಟರ್ ಪೈಪು, ಸಡಿಲವಾಗಿ ತಿರುಗುತ್ತಿರುತ್ತದೆ. ಅದರ ಬುಡಕ್ಕೆ ಕೇಬಲ್ ಸಿಕ್ಕಿಸಿದೆ. ಗ್ರಿಪ್ ಕೂರುವುದು ಆ ಪ್ಲಾಸ್ಟಿಕ್ಕಿನ ಮೇಲೆ. ಆದ್ದರಿಂದ ಬಲದ ಗ್ರಿಪ್ಪಿನ ಒಳತೂತು ಎಡದ್ದಕ್ಕಿಂತ ಮೂರ್ನಾಲ್ಕು ಮಿ.ಮೀ. ದೊಡ್ಡದು. ಅದಲುಬದಲು ಮಾಡಿದರೆ ಒಂದು ಏರುವುದೇ ಇಲ್ಲ, ಇನ್ನೊಂದು ನಿಲ್ಲುವುದೇ ಇಲ್ಲ.

ಬಲದ ಗ್ರಿಪ್ ಆ ಪೈಪಿನ ಮೇಲೆ ಜಾರಿದರೆ ಕೈ ತಿರುಗುತ್ತದೆ, ಇಂಜಿನ್ ಸುಮ್ಮನಿರುತ್ತದೆ. ಬಸ್ಸೊಂದನ್ನು ಓವರ್‌ಟೇಕ್ ಮಾಡುವ ಅರ್ಧದಲ್ಲಿ ಹೀಗಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ: ಗ್ರಿಪ್ ಒಳಗಡೆ ಸ್ವಿಚ್ ಬಾಕ್ಸಿಗೋ ಹೊರಗಡೆ ಹ್ಯಾಂಡಲಿನ ತುದಿಯ ಗುಂಡಿಗೋ ಒರೆಸಿಕೊಂಡು, ಕೈ ಬಿಟ್ಟರೂ ಎಕ್ಸಿಲೇಟರ್ ಹಿಂದಕ್ಕೆ ಬರದೆ ನಿಲ್ಲುವುದು. ಹಳೆಯ ಗ್ರಿಪ್ಪಿನ ಮೇಲೆ ಏರಿಸಿದ ಸ್ಪಂಜಿನ ಕವರು ಒಳಕ್ಕೆ ಸರಿದು ಸ್ವಿಚ್ ಬಾಕ್ಸಿಗೆ ತಾಗಿದಾಗ ಆಗುವುದೂ ಇದೇ. ಮಳೆಯಲ್ಲಿ ನೆನೆದ ಸ್ಪಂಜು ಹಿಂಡಿದಷ್ಟೂ ನೀರು ಬಿಡುತ್ತದೆ ಎಂಬುದು ಬೇರೆ ಮಾತು.

ಬಿಚ್ಚುವುದು, ಒರೆಸುವುದು, ಏರಿಸುವುದು

ಮೊದಲು ಹ್ಯಾಂಡಲಿನ ತುದಿಯಲ್ಲಿರುವ ಬಾರ್ ಎಂಡ್ ವೇಟ್, ಎಂದರೆ ಕಬ್ಬಿಣದ ಗುಂಡು ಬಿಚ್ಚಬೇಕು. ಕರಾವಳಿಯಲ್ಲಿ ಅರ್ಧ ಕೆಲಸ ಕೆಡುವುದು ಇಲ್ಲಿಯೇ. ಉಪ್ಪುಗಾಳಿಗೆ ಸ್ಕ್ರೂ ಕಚ್ಚಿಕೊಂಡಿರುತ್ತದೆ. ಸರಿಯಾದ ಅಳತೆಯಲ್ಲದ ಸ್ಕ್ರೂಡ್ರೈವರಿನಲ್ಲಿ ಜೋರು ಮಾಡಿದರೆ ತಲೆ ಸ್ಲಿಪ್ಪಾಗಿ ಮತ್ತೆ ಡ್ರಿಲ್ಲಿಂಗೇ ಗತಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಇಂಪ್ಯಾಕ್ಟ್ ಡ್ರೈವರಿಗೆ ಸುತ್ತಿಗೆಯಲ್ಲಿ ಒಂದೆರಡು ಪೆಟ್ಟು ಕೊಟ್ಟರೆ ಸಾಮಾನ್ಯವಾಗಿ ಬಿಡುತ್ತದೆ.

ಹಳೆಯ ಗ್ರಿಪ್ ಎಸೆಯುವುದೇ ಆದರೆ ಬ್ಲೇಡಿನಿಂದ ಉದ್ದಕ್ಕೆ ಸೀಳುವುದು ಸುಲಭ. ಎಡಗಡೆ ಧೈರ್ಯವಾಗಿ ಸೀಳಬಹುದು, ಕೆಳಗಿರುವುದು ಕಬ್ಬಿಣ. ಬಲಗಡೆ ಬ್ಲೇಡಿನ ಮೊನೆ ಪ್ಲಾಸ್ಟಿಕ್ ಪೈಪನ್ನು ಗೀರಬಾರದು. ಗೀರು ಬಿದ್ದ ಜಾಗದಲ್ಲಿಯೇ ಅದು ಮುಂದೊಂದು ದಿನ ಒಡೆಯುತ್ತದೆ. ಗ್ರಿಪ್ ಚೆನ್ನಾಗಿದ್ದು ಹ್ಯಾಂಡಲ್ ಬದಲಿಸಲಿಕ್ಕಾಗಿ ತೆಗೆಯುವುದಾದರೆ ಪಂಕ್ಚರ್ ಅಂಗಡಿಗೆ ಹೋಗಿ. ಅಂಚಿನಡಿ ಕಂಪ್ರೆಸರಿನ ಗಾಳಿ ಬಿಟ್ಟರೆ ರಬ್ಬರು ಅಗಲವಾಗಿ ಎದ್ದುಕೊಂಡು, ಎಳೆದ ಕೂಡಲೇ ಕೈಗೆ ಬರುತ್ತದೆ.

ಆಮೇಲಿನದ್ದು ಬೇಸರದ, ಆದರೆ ಬಿಡಬಾರದ ಕೆಲಸ. ಎಡದ ಪೈಪಿನ ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆಯಬೇಕು. ಬಲಗಡೆ ಹಳೆಯ ಅಂಟು ಕೆರೆದು ತೆಗೆಯಬೇಕು. ಎರಡನ್ನೂ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಬಿಚ್ಚಲು ಬಿಟ್ಟ ಎಣ್ಣೆಯ ಪಸೆ ಸ್ವಲ್ಪ ಉಳಿದರೂ ಹೊಸ ಗ್ರಿಪ್ ನಿಲ್ಲುವುದಿಲ್ಲ.

ಏರಿಸಲು ಒಬ್ಬೊಬ್ಬರದು ಒಂದೊಂದು ವಿದ್ಯೆ. ಸೋಪಿನ ನೀರು ಹಾಕಿದರೆ ಸುಲಭವಾಗಿ ಜಾರುತ್ತದೆ ನಿಜ, ಆದರೆ ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿದ ನೀರು ನಮ್ಮ ಆಷಾಢದ ಹವೆಯಲ್ಲಿ ಬೇಗ ಆರುವುದಿಲ್ಲ. ಆರಿದ ಮೇಲೂ ಸೋಪು ಅಲ್ಲಿಯೇ ಉಳಿದು ಮುಂದಿನ ಮಳೆಗೆ ಮತ್ತೆ ಜಾರುತ್ತದೆ. ಪೆಟ್ರೋಲು ಬೇಗ ಆರುತ್ತದೆ, ಆದರೆ ರಬ್ಬರನ್ನು ಉಬ್ಬಿಸುತ್ತದೆ, ಬೆಂಕಿಯ ಭಯ ಬೇರೆ. ತಕ್ಷಣ ಹಿಡಿಯುವ ಕ್ವಿಕ್ ಗಮ್ ಹಾಕಿದರೆ ಗ್ರಿಪ್ ಅರ್ಧ ದಾರಿಯಲ್ಲಿಯೇ ಕಚ್ಚಿಕೊಳ್ಳುವುದುಂಟು. ಮನೆಯಲ್ಲಿ ಮಾಡುವವರಿಗೆ ಸ್ಪಿರಿಟ್ಟೇ ಒಳ್ಳೆಯದು: ಸವರಿದಾಗ ಜಾರುತ್ತದೆ, ಆರಿದಾಗ ಏನೂ ಉಳಿಯುವುದಿಲ್ಲ. ಗ್ರಿಪ್ ಬಿಗಿಯಾಗಿದ್ದರೆ ಅಷ್ಟು ಸಾಕು. ಸ್ವಲ್ಪ ಸಡಿಲ ಅನ್ನಿಸಿದರೆ ರಬ್ಬರಿಗೆಂದೇ ಇರುವ ನಿಧಾನದ ಅಂಟು ತೆಳ್ಳಗೆ ಹಚ್ಚಿ, ಒಂದೇ ಉಸಿರಿಗೆ ತಿರುಗಿಸುತ್ತ ಒತ್ತಿ ಕೂರಿಸಬೇಕು. ಆ ರಾತ್ರಿ ಗಾಡಿ ಮುಟ್ಟಬಾರದು.

ಎಡದ ಗ್ರಿಪ್ಪನ್ನು ಕೊನೆಯವರೆಗೆ ತಳ್ಳಿದರೆ ಮುಗಿಯಿತು. ಬಲದ್ದನ್ನು ತಳ್ಳುವಾಗ ಸ್ವಿಚ್ ಬಾಕ್ಸಿಗೆ ತಾಗದಂತೆ ಒಂದೆರಡು ಮಿ.ಮೀ. ಸಂದು ಬಿಡಬೇಕು. ಎಕ್ಸಿಲೇಟರ್ ಪೈಪಿನ ಬಾಯಿಯೊಳಗೆ ಅಂಟು ಇಳಿದರೆ ಪೈಪೇ ಹ್ಯಾಂಡಲಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಆ ತುದಿಯಲ್ಲಿ ಅಂಟು ಬೇಡವೇ ಬೇಡ. ಗುಂಡನ್ನು ಮತ್ತೆ ಕೂರಿಸಿದಾಗ ಅದೂ ಗ್ರಿಪ್ಪನ್ನು ಒತ್ತಬಾರದು.

ಜುಮ್ಮೆನ್ನುವ ಬೆರಳು

ಆ ಗುಂಡು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬಿಚ್ಚಿಟ್ಟು ಮತ್ತೆ ಹಾಕದವರೂ, ಸ್ಟೈಲಿಗಾಗಿ ಹಗುರದ ಅಲ್ಯೂಮಿನಿಯಮ್ ತುಂಡು ಹಾಕಿಸಿಕೊಂಡವರೂ ಇದ್ದಾರೆ. ಒಂದು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಹ್ಯಾಂಡಲಿಗೆ ಸೆಕೆಂಡಿಗೆ 100 ಸಲ ನಡುಕ ತಲಪುತ್ತದೆ. ಹ್ಯಾಂಡಲ್ ಎರಡು ತುದಿ ತೆರೆದಿರುವ ಪೈಪು. ತನ್ನದೇ ಲಯ ಸಿಕ್ಕಿದ ಕೂಡಲೇ ಜೋರಾಗಿ ಅದುರುತ್ತದೆ. ತುದಿಯಲ್ಲಿ ಭಾರ ಕೂರಿಸಿದರೆ ಆ ಲಯ ಬದಲಾಗಿ, ನಾವು ದಿನಾ ಓಡಿಸುವ ವೇಗದಿಂದ ಆಚೆ ಹೋಗುತ್ತದೆ. ಗ್ರಿಪ್ಪಿನ ರಬ್ಬರು ಸೂಕ್ಷ್ಮ ಗುಂಯ್‌ಗುಡುವಿಕೆಯನ್ನು ಸ್ವಲ್ಪ ನುಂಗುತ್ತದೆ, ದೊಡ್ಡ ನಡುಕಕ್ಕೆ ಅದರಿಂದ ಹೆಚ್ಚೇನೂ ಆಗದು. ದಪ್ಪ ಗ್ರಿಪ್ ಹಾಕಿದರೆ ಜುಮ್ಮು ಕಡಿಮೆಯಾದೀತು, ಆದರೆ ಸಣ್ಣ ಕೈಯವರಿಗೆ ಹಿಡಿದು ಹಿಡಿದು ಮುಂಗೈ ನೋಯುತ್ತದೆ. ಅವರವರ ಬೆರಳಿನ ಅಳತೆಯೇ ಇಲ್ಲಿ ನಿಯಮ.

ನಡುಕ ಕೈಗೆ ಏನು ಮಾಡುತ್ತದೆ ಎಂಬುದು ಮೊದಲು ಗೊತ್ತಾದದ್ದು ಕಲ್ಲಿನ ಕೆಲಸದವರಿಂದ. ಗಾಳಿ ಒತ್ತಡದ ಉಪಕರಣ ಹಿಡಿದವರ ಬೆರಳು ಬಿಳಿಚಿ ಮರಗಟ್ಟುವುದನ್ನು 1911ರಲ್ಲಿ ಇಟಲಿಯ ಲೊರಿಗಾ ಎಂಬ ವೈದ್ಯ ದಾಖಲಿಸಿದ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡಿನ ಸುಣ್ಣಕಲ್ಲಿನ ಕೆಲಸಗಾರರಲ್ಲಿ ಅದನ್ನೇ ಕಂಡು ವಿವರವಾಗಿ ಬರೆದರು. ಕಾರ್ಕಳದ ಕೋರೆಗಳಲ್ಲಿ ಡ್ರಿಲ್ ಹಿಡಿಯುವವರ ಕೈಗೆ ಬರುವ ಕಂಪನದ ಎದುರು ಬೈಕಿನದ್ದು ಸಣ್ಣದು. ಚಳಿಯಿಲ್ಲದ ನಮ್ಮ ಊರಿನಲ್ಲಿ ಬೆರಳು ಬಿಳಿಚುವ ಸಂಭವವೂ ಕಡಿಮೆ. ಆದರೂ ಕುಂದಾಪುರದಿಂದ ಮಂಗಳೂರಿಗೆ ದಿನಾ ಹೋಗಿಬರುವವರಿಗೆ ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನುವುದು ಹೊಸ ಸುದ್ದಿಯಲ್ಲ. ಅಂಗೈಯ ಆ ಬದಿಯಲ್ಲಿ ನರ ಚರ್ಮದ ಹತ್ತಿರವೇ ಹಾದುಹೋಗುತ್ತದೆ. ಗಟ್ಟಿಯಾದ, ಸವೆದ ಗ್ರಿಪ್ ಅದನ್ನು ಒತ್ತುತ್ತಲೇ ಇರುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಜುಮ್ಮು ಹೋಗದಿದ್ದರೆ ಗ್ಯಾರೇಜು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು.

ತಿರುಗುತ್ತಿದ್ದ ಎಡಗೈ, ತಡೆಯುವ ಬಲಗೈ

ಎಡದ್ದು ಬರೀ ಹಿಡಿದುಕೊಳ್ಳಲಿಕ್ಕೆ ಎಂಬ ಮಾತು ಎಲ್ಲ ಕಾಲಕ್ಕೂ ನಿಜವಲ್ಲ. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಗೇರು ಇದ್ದದ್ದು ಎಡಗೈಯಲ್ಲಿಯೇ. ಕ್ಲಚ್ ಅದುಮಿ, ಗ್ರಿಪ್ಪನ್ನು ಲಿವರಿನ ಸಮೇತ ಮೇಲಕ್ಕೋ ಕೆಳಕ್ಕೋ ತಿರುಗಿಸಬೇಕು. ಕರಾವಳಿಯ ಮೀನು ವ್ಯಾಪಾರಿಗಳ ಅಚ್ಚುಮೆಚ್ಚಿನ ಗಾಡಿಯಾಗಿದ್ದ ಎಂ-80ಯದ್ದೂ ಕೈಗೇರೇ. ನಮ್ಮ ರಿಕ್ಷಾಗಳಲ್ಲಿ ಈಗಲೂ ಹೆಚ್ಚಿನವಕ್ಕೆ ಹ್ಯಾಂಡಲ್ಲು, ಬಲಗೈಯಲ್ಲಿ ಎಕ್ಸಿಲೇಟರು, ಎಡಗೈಯಲ್ಲಿ ಗೇರು. ಇಡೀ ದಿನ ಎರಡೂ ಕೈ ತಿರುಗಿಸುವ ರಿಕ್ಷಾದವರು ಗ್ರಿಪ್ ಸಡಿಲವಾದದ್ದನ್ನು ಬೈಕಿನವರಿಗಿಂತ ಮೊದಲು ಗುರುತಿಸುತ್ತಾರೆ. ಗ್ರಿಪ್ ಜಾರಿದರೆ ಗೇರು ಬೀಳುವುದಿಲ್ಲ, ಗೇರು ಬೀಳದಿದ್ದರೆ ಬಾಡಿಗೆ ಇಲ್ಲ.

ಮುಂದೆ ಬರುತ್ತಿರುವ ಗಾಡಿಗಳಲ್ಲಿ ಬಲಗೈಯ ಜವಾಬ್ದಾರಿ ಇನ್ನಷ್ಟು ಹೆಚ್ಚುತ್ತಿದೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಕೇಬಲ್ಲೇ ಇಲ್ಲ, ಗ್ರಿಪ್ಪಿನ ಬುಡದಲ್ಲಿ ಸೆನ್ಸರ್. ಬೆಂಗಳೂರಿನ ಏಥರ್ ಕಂಪೆನಿ 2024ರ ಜನವರಿಯಲ್ಲಿ ತಂದ 450 ಅಪೆಕ್ಸ್ ಸ್ಕೂಟರಿನಲ್ಲಿ ಗ್ರಿಪ್ಪನ್ನು ಸೊನ್ನೆಯಿಂದಾಚೆ ಉಲ್ಟಾ ತಿರುಗಿಸಿದರೆ ಮೋಟಾರೇ ಗಾಡಿಯ ವೇಗ ತಗ್ಗಿಸುತ್ತದೆ, ಆ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಓಡಿಸುವುದೂ ಅದೇ ರಬ್ಬರು, ನಿಧಾನಿಸುವುದೂ ಅದೇ ರಬ್ಬರು. ಸೆನ್ಸರ್ ಇರುವ ಗಾಡಿಗಳಲ್ಲಿ ಬ್ಲೇಡು, ಅಂಟು ಹಿಡಿದು ಮನೆಯಂಗಳದಲ್ಲಿ ಕೂರುವ ಮೊದಲು ಕೈಪಿಡಿ ನೋಡುವುದು, ಇಲ್ಲವೇ ಸರ್ವಿಸ್ ಸೆಂಟರಿಗೆ ಬಿಡುವುದು ಕ್ಷೇಮ.

ಪತ್ತನಾಜೆಯೊಳಗೆ

ಹಾಗಾದರೆ ಯಾವಾಗ ಬದಲಿಸಬೇಕು? ಕಿಲೋಮೀಟರಿನ ಲೆಕ್ಕ ಹೇಳುವುದು ಕಷ್ಟ, ಯಾಕೆಂದರೆ ಗ್ರಿಪ್ ನಿಲ್ಲಿಸಿಟ್ಟ ಗಾಡಿಯಲ್ಲೂ ಹಾಳಾಗುತ್ತದೆ. ಲಕ್ಷಣ ನೋಡಬೇಕು: ಗೆರೆ ಸವೆತ, ಅಂಟು, ಬಿರುಕು, ತುದಿಯ ಹರಕು, ಹಿಡಿದು ಹಿಂಡಿದರೆ ಪೈಪಿನ ಮೇಲೆ ಅಲುಗುವುದು. ಇವುಗಳಲ್ಲಿ ಕೊನೆಯದೊಂದು ಇದ್ದರೆ ಆ ದಿನವೇ ಬದಲಿಸಬೇಕು. ಉಳಿದವಕ್ಕೆ ತುಳುನಾಡಿನ ಕ್ಯಾಲೆಂಡರೇ ಒಂದು ಗಡುವು ಕೊಟ್ಟಿದೆ. ಮೇ ಕೊನೆಯ ವಾರದಲ್ಲಿ ಬರುವ ಬೇಶ ತಿಂಗಳ ಹತ್ತು, ಪತ್ತನಾಜೆ. ಅಲ್ಲಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ನೇಮಗಳು ನಿಲ್ಲುತ್ತವೆ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ; ಮಲ್ಪೆಯ ಬೋಟುಗಳೆಲ್ಲ ರಿಪೇರಿಗೆ ನಿಲ್ಲುತ್ತವೆ. ಮಳೆಗೆ ತಯಾರಾಗುವ ಈ ಕಾಲದಲ್ಲಿ ನಾವು ಟಯರು, ಬ್ರೇಕು, ರೈನ್‌ಕೋಟು ನೋಡಿಕೊಳ್ಳುತ್ತೇವೆ. ಆ ಪಟ್ಟಿಗೆ ಗ್ರಿಪ್ಪನ್ನೂ ಸೇರಿಸಬೇಕು. ಒಣ ಹವೆಯಿರುವಾಗಲೇ ಹಾಕಿದರೆ ಅಂಟೂ ಸರಿಯಾಗಿ ಹಿಡಿಯುತ್ತದೆ.

ಮನೆಯಲ್ಲಿಯೇ ಮಾಡಿ, ಗ್ಯಾರೇಜಿನಲ್ಲಿ ಮಾಡಿಸಿ, ಕೊನೆಗೆ ಮೂರು ಪರೀಕ್ಷೆ ತಪ್ಪಿಸಬೇಡಿ. ಇಂಜಿನ್ ಆಫ್ ಇರುವಾಗ ಬಲದ ಗ್ರಿಪ್ಪನ್ನು ಪೂರ್ತಿ ತಿರುಗಿಸಿ ಕೈ ಬಿಡಿ; ಟಕ್ಕೆಂದು ತಾನಾಗಿ ಹಿಂದೆ ಬರಬೇಕು. ಕೇಬಲ್ ಇರುವ ಗಾಡಿಯಾದರೆ ಇಂಜಿನ್ ಸ್ಪಂದಿಸುವ ಮೊದಲು ಗ್ರಿಪ್ಪಿನಲ್ಲಿ ಸ್ವಲ್ಪ ಆಟ ಇರಬೇಕು, ಹೆಚ್ಚಿನ ಕೈಪಿಡಿಗಳಲ್ಲಿ ಅದು 2ರಿಂದ 6 ಮಿ.ಮೀ. ನಂತರ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಇಂಜಿನಿನ ಸದ್ದು ಏರಬಾರದು. ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಬಿಚ್ಚಿಸಿ. ಮೆಕ್ಯಾನಿಕ್ ಮುಖ ಸಿಂಡರಿಸಿದರೂ ಚಿಂತೆಯಿಲ್ಲ, ದುಡ್ಡು ಕೊಡುವುದು ಗ್ರಿಪ್ ಹಿಂದೆ ಬಂದ ಮೇಲೆಯೇ.